ಅವ್ವ ಅಂಕೋಲೆಯ ಮಳೆ ಹಿಡಿದದ್ದು

ಅವ್ವ ಹುಟ್ಟಿದ್ದು, ಬೆಳೆದದ್ದು, ಬಾಳುವೆ ಮಾಡಿದ್ದು ಎಲ್ಲ ಕುಷ್ಟಗಿ ಸೀಮೆಯಲ್ಲೇ. ನಮ್ಮ ಊರೊಳಗಿನ ಬಾವಿಯ ನೀರು ಸವುಳು. ಸಿಹಿನೀರಿಗೆ ಊರಾಚೆ ಹಳ್ಳ ದಾಟಿ, ದಿಬ್ಬ ಹತ್ತಿ ಇಳಿಯಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಬೆಣ್ಣೆ ಚೆಲ್ಲಿದರೆ ಬೈಗುಳ, ನೀರು ಚೆಲ್ಲಿದರೆ ಏಟು. ಇಂಥ ಅವ್ವನನ್ನು ಮುಂಗಾರು ಹಿಡಿಯುವ ಮಿರಗದ ಮಳೆಯಲ್ಲಿ ಅಂಕೋಲೆಗೆ ಕರೆದೊಯ್ದರೆ ಏನಾದೀತು ಎಂದು ನಾವು ಯಾರೂ ಯೋಚಿಸಿರಲಿಲ್ಲ.

ಅಂಕೋಲೆಯಲ್ಲಿ ನನ್ನ ಅಕ್ಕ ಇದ್ದಳು. ಭಾವ ಅಲ್ಲಿನ ಕನ್ನಡ ಶಾಲೆಯಲ್ಲಿ ಮಾಸ್ತರು. ಅಕ್ಕನಿಗೆ ಅದು ಚೊಚ್ಚಲು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕುಬಸವನ್ನು ಏಳನೇ ತಿಂಗಳಲ್ಲೇ ಮಾಡಬೇಕಿತ್ತು. ಅದು ಇದು ಅಡ್ಡ ಬಂದು ನಾವು ಹೊರಡುವ ಹೊತ್ತಿಗೆ ಒಂಬತ್ತಕ್ಕೆ ಬಿದ್ದಿತ್ತು. ಕುಬಸ ಮುಗಿಸಿ ಮಗಳನ್ನು ಜೊತೆಗೇ ಕರೆತರುವುದು ಅವ್ವನ ಹಟ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಊರಲ್ಲಿ ಮುಖ ತೋರಿಸುವುದು ಹೇಗೆ? ನನಗೆ ಮದುವೆಯಾಗಿ ವರ್ಷವಾಗಿತ್ತು. ಯಲಬುರ್ಗಾದ ಅತ್ತೆಮನೆಯಿಂದ ನನ್ನನ್ನೂ ಕೇಳಿ ಪಡೆದು ಹೊರಡಿಸಿದಳು.

ಕೊಪ್ಪಳದಲ್ಲಿ ರೈಲು ಹತ್ತಿದೆವು. ಅಪ್ಪ ಹುಬ್ಬಳ್ಳಿವರೆಗೆ ಬಂದು, ನಮ್ಮನ್ನು ಅಲ್ಲಿ ಕಾದಿದ್ದ ಭಾವನಿಗೆ ಒಪ್ಪಿಸಿ, ಬಿತ್ತನೆಗೆಂದು ಹಿಂದಿರುಗಿದರು. ಅಲ್ಲಿಂದ ಮುಂದೆ ಬಸ್ಸು. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೊಂದು ಒಲೆ ಕಟ್ಟಿ ಇದ್ದಿಲಿನ ಹೊಗೆಯಿಂದ ಓಡಿಸುತ್ತಿದ್ದರು. ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಯಲ್ಲಾಪುರ ದಾಟಿದ ಮೇಲೆ ಕಾಡೋ ಕಾಡು. ಹಗಲಲ್ಲೇ ಕತ್ತಲೆ. ಘಟ್ಟದ ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ನಾನು ದೇವರನ್ನು ನೆನೆದೆ. ಮಳೆ ಒಳಗೆ ಬಾರದಂತೆ ಜನ ಪರದೆ ಎಳೆದುಕೊಂಡರೆ ಅವ್ವ ತನ್ನ ಪಾಲಿನದನ್ನು ಸರಿಸಿ ಅಂಗೈ ಹೊರಗೊಡ್ಡಿ ಕೂತಳು. ಪಕ್ಕದವರು ತೊಯ್ದು ಗೊಣಗಿದರು.

“ಮಳಿರಾಯ ತಾನಾಗೆ ಬಂದಾನ, ನೀವು ಬಾಗಲಾ ಹಾಕ್ಕೋತೀರಲ್ರಿ!” ಎಂದು ಅವರನ್ನೇ ದಬಾಯಿಸಿದಳು.

ಅಂಕೋಲೆಯೆಂದರೆ ಒಂದು ಕಡೆ ಕಡಲು, ಉಳಿದ ಕಡೆ ಕಾಡು, ಮೇಲೆ ಮಳೆ. ದೋಣಿಗಳನ್ನೆಲ್ಲ ದಡಕ್ಕೆಳೆದು ತೆಂಗಿನ ಗರಿ ಹೊದಿಸಿದ್ದರು. ನಮ್ಮಲ್ಲಿ ಮಳೆ ಬಿದ್ದರೆ ಗಂಡಸರು ಮನೆಯಿಂದ ಹೊರಬೀಳುತ್ತಾರೆ. ಇಲ್ಲಿ ಮನೆ ಸೇರುತ್ತಾರೆ. ಜಗಲಿ ಜಗಲಿಯಲ್ಲೂ ಕೂತು ಬಲೆ ಹೊಲಿಯುತ್ತಿದ್ದರು. ಗಾಳಿ ಬೀಸಿದರೆ ಒಣಮೀನಿನ ವಾಸನೆ. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಅಕ್ಕನ ಮನೆ ಹೊಕ್ಕಳು.

ಮಗಳಿಗೆಂದು ಅವ್ವ ಊರಿಂದ ಕಟಕರೊಟ್ಟಿ, ಅದಕ್ಕೆ ನೆಂಚಿಕೊಳ್ಳಲು ಶೇಂಗಾ ಹಿಂಡಿಯ ಖಾರದ ಪುಡಿ, ಕುಬಸದ ಸೀರೆ ತಂದಿದ್ದಳು. ಅವುಗಳ ಜೊತೆಗೆ ಪುಂಡಿನಾರಿನ ಉದ್ದನೆಯ ಹಗ್ಗವನ್ನೂ ಹೊತ್ತು ತಂದಿದ್ದಳು, ಬಾವಿಗೆ ಬೇಕಾದೀತೆಂದು. ಹಿತ್ತಲಿಗೆ ಹೋಗಿ ಬಾವಿ ಇಣುಕಿದವಳು ಅಲ್ಲೇ ಕುಕ್ಕರಿಸಿದಳು. ನೀರು ಕೈಗೆಟುಕುವಂತಿತ್ತು. ತಂಬಿಗೆಯನ್ನು ಬಗ್ಗಿ ಅದ್ದಿ ತುಂಬಿಕೊಂಡು, ಚೆಲ್ಲಿ, ಮತ್ತೆ ತುಂಬಿಕೊಂಡು, ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಅವ್ವ ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕುಬಸ ಚೆಂದವಾಗಿ ನಡೆಯಿತು. ಆದರೆ ಅಕ್ಕ ನನ್ನನ್ನು ಅಡಿಗೆಮನೆಗೆ ಎಳೆದು ಅತ್ತಳು. “ಆ ಘಟ್ಟದಾಗ ಬಸ್ಸು ನನ್ನ ಎತ್ತಿ ಎತ್ತಿ ಒಗದ್ರ ಏನ ಗತಿ? ನಾ ಒಲ್ಲೆ. ಅವ್ವಗ ನೀನ ಹೇಳ.”

ನಾನು ಹೇಳಿದೆ. “ನಾವೇನ ಹಡದಿಲ್ಲೇನ? ಪದ್ಧತಿ ಅಂದ್ರ ಪದ್ಧತಿ,” ಅಂದಳು ಅವ್ವ. ಭಾವ ಹೇಳಿದರು, ಅವರಿಗೂ ಅದೇ ಉತ್ತರ, ಆದರೆ ‘ರಿ’ ಸೇರಿಸಿ. ಮಳೆ ಸ್ವಲ್ಪ ಹಿಂಗಿದ ಕೂಡಲೇ ಹೊರಡುವುದೆಂದು ತೀರ್ಮಾನವಾಯಿತು. ಅಕ್ಕನ ಮುಖ ಸಣ್ಣದಾಯಿತು. ನನಗೆ ಅವ್ವನ ಮೇಲೆ ಸಿಟ್ಟು ಬಂತು. ಅವಳೊಡನೆ ವಾದಿಸಿ ಗೆದ್ದವರು ನಮ್ಮ ವಂಶದಲ್ಲೇ ಇರಲಿಲ್ಲ.

ಮಳೆಯೋ, ಹಿಂಗುವ ಮಾತೇ ಆಡಲಿಲ್ಲ. ಹಂಚಿನ ಮಾಡಿನಿಂದ ನೀರು ಧೋ ಎಂದು ಸುರಿದು ಅಂಗಳ ದಾಟಿ ಬೀದಿಗೆ ಹರಿಯುತ್ತಿತ್ತು. ಅವ್ವನಿಗೆ ಅದನ್ನು ನೋಡಲಾಗಲಿಲ್ಲ. ಮೊದಲು ಒಂದು ಕೊಡ ಇಟ್ಟಳು. ಆಮೇಲೆ ಹಂಡೆ, ಪರಾತ, ಬೋಗುಣಿ, ಕಡೆಗೆ ಭಾವನ ಹಲ್ಲುಜ್ಜುವ ಚೊಂಬು. ಮಾಡಿನ ಕೆಳಗೆ ಸಾಲಾಗಿ ಪಾತ್ರೆ. ತುಂಬಿದ್ದನ್ನು ಒಳಗೆ ಒಯ್ಯುವುದು, ಖಾಲಿಯದನ್ನು ಹೊರಗೆ ತರುವುದು. ನಡುಮನೆಯಲ್ಲಿ ಕಾಲಿಡಲು ತಾವಿರಲಿಲ್ಲ.

“ಬಾವಿ ತುಂಬೇತಲ್ಲ ಬೇ,” ಎಂದಳು ಅಕ್ಕ.

“ಬಾವಿ ನೀರು ಎಲ್ಲಿ ಹೋಗತೈತಿ? ನಾಳಿಗೂ ಇರತೈತಿ. ಇದು ಹೊಂಟೈತಿ ನೋಡ. ಹನಿಗೂಡಿದ್ರ ಹಳ್ಳ.”

“ಹಳ್ಳ ಆಗೇ ಹರಿಯಾಕ ಹತ್ತೈತಿ. ಇನ್ನಷ್ಟು ಕೂಡಿಸಬ್ಯಾಡ!”

ಬೀದಿಯವರು ಇದನ್ನೆಲ್ಲ ನೋಡುತ್ತಿದ್ದರು. ತುಂಬಿದ ಬಾವಿ ಬಿಟ್ಟು ಮಾಡಿನ ನೀರು ಹಿಡಿಯುತ್ತಾರೆಂದರೆ ಆ ಸೀಮೆಯವರಿಗೆ ಹೊಳೆಯುವ ಅರ್ಥ ಒಂದೇ: ಬಾವಿ ಕೆಟ್ಟಿದೆ. ಮರುದಿನ ಬೆಳಗ್ಗೆ ಪಕ್ಕದ ಮನೆಯ ಮೀನುಗಾರ ಹೆಂಗಸು, ಅವ್ವನದೇ ವಯಸ್ಸಿನಾಕೆ, ಸೊಂಟದ ಮೇಲೊಂದು ತುಂಬಿದ ಕೊಡ ಹೊತ್ತು ಬಂದು ಜಗಲಿಯಲ್ಲಿಟ್ಟಳು. “ಬಸುರಿ ಹೆಂಗಸು ಇರುವ ಮನೆ,” ಎಂದಷ್ಟೇ ಹೇಳಿ ಹೋದಳು. ಅವಳ ಹಿಂದೆ ಇನ್ನೊಬ್ಬಳು, ಸಂಜೆಗೆ ಮತ್ತಿಬ್ಬರು.

ಅವ್ವ ಕಂಗಾಲಾದಳು. ಆಗಿನ ಕಾಲ. ಯಾರ ಕೈಯ ನೀರು ಮನೆಯೊಳಗೆ ಬರಬಹುದು, ಯಾರದು ಬರಬಾರದು ಎಂಬುದು ಅವಳಿಗೆ ಬಾಯಿಪಾಠ. ಆದರೆ ತುಂಬಿದ ಕೊಡವನ್ನು ಚೆಲ್ಲುವುದು? ಅದು ಇನ್ನೂ ದೊಡ್ಡ ಪಾಪ. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಮೊದಲ ದಿನ ಆ ನೀರಿನಿಂದ ನೆಲ ತೊಳೆದಳು. ಎರಡನೆಯ ದಿನ ಸ್ನಾನಕ್ಕೆ ಬಂತು. ಆಮೇಲೆ ಯಾರಿಗೂ ಏನೂ ಹೇಳದೆ ಅದರಲ್ಲೇ ಬೇಳೆ ಬೇಯಿಸಿದಳು. ನಾವೂ ಕೇಳದೆ ಉಂಡೆವು.

“ಎಂಥಾ ಮಂದಿ ಬೇ ಇವರು!” ಅಂದಳು ಆ ರಾತ್ರಿ. “ನಮ್ಮ ಕಡೆ ತುಪ್ಪ ಕೊಟ್ಟಾರು. ಕೇಳದ ನೀರು ಯಾರ ತಂದ ಕೊಡ್ತಾರ?”

ನಿಜ ಸಂಗತಿ ಭಾವನಿಗೆ ಶಾಲೆಯಲ್ಲಿ ತಿಳಿಯಿತು. ಮಾಸ್ತರ ಬಾವಿಯಲ್ಲಿ ನಾಯಿ ಬಿದ್ದು ಕೊಳೆತಿದೆಯೆಂದು ಊರೆಲ್ಲ ಸುದ್ದಿ! ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ನನ್ನ ಕೈ ಒತ್ತಿದಳು. “ಅವ್ವಗ ಹೇಳಬ್ಯಾಡ. ಆಕಿ ಮನಸ್ಸು ಈ ಊರಿಗೆ ಕರಗಾಕ ಹತ್ತೈತಿ. ಕರಗಲಿ.” ನಾವು ಸುಳ್ಳು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡೆವು ಅಷ್ಟೆ.

ಮೀನುಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆಂದು ನಮಗೇನು ಗೊತ್ತು? ಭಾವ ಸಂತೆಗೆ ಹೋಗಿದ್ದ ದಿನ ಐದಾರು ಗಂಡಸರು ಹಗ್ಗ, ಕೊಡ ಹಿಡಿದು ಹಿತ್ತಲಿಗೆ ಬಂದರು. ದೋಣಿ ದಡದಲ್ಲಿ, ಕೈಯಲ್ಲಿ ಬೇರೆ ಕೆಲಸವಿಲ್ಲ. ಬಸುರಿಗಾಗಿ ಬಾವಿ ಬರಿದು ಮಾಡಿ ತೊಳೆದುಕೊಡೋಣವೆಂದು ಪಕ್ಕದ ಮನೆಯಾಕೆಯೇ ಅವರನ್ನು ಹೊರಡಿಸಿದ್ದಳು. ಮೊದಲ ಕೊಡ ಎತ್ತಿ ಅಂಗಳಕ್ಕೆ ಸುರಿದದ್ದೇ ತಡ, ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾವಿಗೆ ಅಡ್ಡ ನಿಂತಳು.

“ನನ್ನ ಕಣ್ಣ ಮುಂದ ತುಂಬಿದ ಬಾವಿ ಬರಿದ ಮಾಡ್ತೀರೇನ್ರೋ! ಏನ ಹುಚ್ಚ ಹಿಡದೈತಿ ನಿಮಗ?”

“ನಾಯಿ ಕೊಳೆತ ನೀರು ಕುಡಿಯೂದುಂಟಾ ಅಮ್ಮಾ?” ಎಂದಳು ಪಕ್ಕದ ಮನೆಯಾಕೆ.

“ಯಾವ ನಾಯಿ?”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅಕ್ಕ ಎಲ್ಲ ಹೇಳಿದಳು. ಗಂಡಸರು ನಗಲು ಶುರುಮಾಡಿದರು. ಅವ್ವ ನಮ್ಮಿಬ್ಬರನ್ನೂ ಸುಟ್ಟುಬಿಡುವ ಹಾಗೆ ನೋಡಿದಳು.

“ನಾಯಿ ಇಲ್ಲ ಅಂದ್ರೆ ಕೊಡ ಎಂತಕ್ಕೆ ಇಟ್ಟದ್ದು ಅಮ್ಮಾ?” ಎಂದು ಆಕೆ ಕೇಳಿದಳು. ಹಾಸ್ಯಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

ಅವ್ವ ಸುರಿಯುವ ಮಳೆಯಲ್ಲೇ ಬಾವಿಕಟ್ಟೆಯ ಮೇಲೆ ಕೂತಳು. ಅಕ್ಕನ ಕಡೆ ಕೈ ತೋರಿಸಿದಳು.

“ಈಕಿ ಹೊಟ್ಟ್ಯಾಗಿದ್ದಾಗ ನಾನೂ ತವರಮನ್ಯಾಗ ಇದ್ದೆ. ಆದ್ರ ಒಂಬತ್ತು ತುಂಬಿದ್ರೂ ನೀರಿಗೆ ಹೋಗೂದು ತಪ್ಪಿದ್ದಿಲ್ಲ. ತುಂಬಿಕೊಂಡು ಬರೂ ದಾರ್ಯಾಗ ಬ್ಯಾನಿ ಬಂತು. ತಲಿ ಮ್ಯಾಲಿನ ಕೊಡ ಬಿತ್ತು. ನಾ ಅಲ್ಲೇ ಕುಂತು ಅತ್ತೆ. ಬ್ಯಾನಿಗೆ ಅತ್ತಿದ್ದಲ್ಲ ಯವ್ವಾ, ನೀರು ಹೋತಂತ ಅತ್ತೆ. ಈಕಿ ಹುಟ್ಟಿದಾಗ ಮೈ ತೊಳಿಯಾಕ ಮನ್ಯಾಗ ಇದ್ದದ್ದು ಎರಡ ತಂಬಿಗಿ ನೀರು.”

ನಗುತ್ತಿದ್ದವರು ಕೈಯಲ್ಲಿದ್ದ ಕೊಡ ಕೆಳಗಿಟ್ಟರು. ಇದು ಅಕ್ಕನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವ್ವನ ಮೇಲೆ ಅಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಹೋಗಿ ನನಗೆ ಅಳು ಬಂತು.

ಪಕ್ಕದ ಮನೆಯಾಕೆ ಅವಳ ಬದಿಗೆ ಬಂದು ಕೂತಳು. “ಹಾಗಾದ್ರೆ ಇವಳನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತೀರಾ ಅಮ್ಮಾ?”

ಅವ್ವ ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅಂದು ಎಷ್ಟು ಬಡಿದಳೆಂದರೆ, ಬಾವಿ ತೊಳೆಯಲು ಬಂದವರೆಲ್ಲ ಜಗಲಿಯಲ್ಲಿ ಕೂತು ಬಿಸಿರೊಟ್ಟಿ, ಹಿಂಡಿ ತಿಂದು, ಖಾರಕ್ಕೆ ಕಣ್ಣೀರು ಸುರಿಸುತ್ತ ಹೋದರು. ಸಂಜೆ ಭಾವ ಸಂತೆಯಿಂದ ಬಂದ ಕೂಡಲೇ ಅವ್ವ ಬಾಗಿಲಲ್ಲೇ ಹೇಳಿದಳು: “ನಿಮ್ಮ ಮಾವಗ ಒಂದು ಕಾಗದ ಹಾಕ್ರಿ. ಹೆರಿಗಿ ಇಲ್ಲೇ ಆಗತೈತಿ. ಮಂದಿ ಏನರ ಅಂದ್ರ ನಾ ಬಂದು ಉತ್ತರಾ ಕೊಡ್ತೀನಿ.” ಅಕ್ಕ ಅವ್ವನ ಹೆಗಲ ಮೇಲೆ ತಲೆಯಿಟ್ಟಳು. “ಸರೀ, ಸರೀ, ಒಲಿಮ್ಯಾಗ ಹಾಲ ಐತಿ,” ಎಂದು ಅವ್ವ ಕೊಡವಿಕೊಂಡಳು.

ಅಕ್ಕನಿಗೆ ಹೆಣ್ಣುಕೂಸು ಹುಟ್ಟಿತು. ಸೂಲಗಿತ್ತಿ ಬರುವ ಮೊದಲೇ ಪಕ್ಕದ ಮನೆಯಾಕೆ ಬಂದು ಒಲೆಗೆ ದೊಡ್ಡ ಹಂಡೆ ಏರಿಸಿದ್ದಳು. ಅವ್ವ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬೆಚ್ಚನೆಯ ನೀರು ಹೊಯ್ಯತೊಡಗಿದಳು. ಹೊಯ್ದಳು, ಹೊಯ್ದಳು. ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ.

“ಸಾಕು ಅಮ್ಮಾ,” ಎಂದು ಪಕ್ಕದ ಮನೆಯಾಕೆ ನಕ್ಕಳು. “ಅದು ಕೂಸು, ಮೀನಲ್ಲ.”

ಅವ್ವನೂ ನಕ್ಕಳು. ಆದರೂ ಹಂಡೆಯಿಂದ ಮತ್ತೊಂದು ತಂಬಿಗೆ ತುಂಬಿಕೊಂಡು, ಕೂಸಿನ ಎದೆಯ ಮೇಲೆ ನಿಧಾನವಾಗಿ ಸುರಿಯುತ್ತ, “ಇದು ಇದರ ಅವ್ವನ ಪಾಲಿಂದು,” ಅಂದಳು.