ಹೊನ್ನಾಳಿ ಸ್ಟ್ಯಾಂಡಿನಲ್ಲಿ ಕಡಲಪಾಚಿ

ಹೊನ್ನಾಳಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನ್ಯಾಮತಿಯ ರೈತ ದಂಪತಿ ನನ್ನ ಪಕ್ಕ ಕೂತಿದ್ದರು. ಹೆಂಡತಿ ಥೈರಾಯ್ಡ್ ಗುಳಿಗೆ ನುಂಗಿ, ಅರ್ಧ ಗಂಟೆ ಚಹಾ ಕುಡಿಯಬಾರದೆಂದು ಕಾಯುತ್ತಿದ್ದರು. ಕರಾವಳಿಯವನಾದ ನಾನು ಸುಮ್ಮನಿರಲಾರದೆ, “ಕತ್ತು ಊದಿದ್ದಕ್ಕೆ ನಮ್ಮಜ್ಜಿ ಕಡಲಪಾಚಿಯ ಗಂಜಿ ಕುಡೀತಿದ್ರು. ಅದರ ಮುಂದೆ ಗುಳಿಗೆ ಏನೂ ಅಲ್ಲ” ಎಂದೆ.

ಗಂಡ ಕಾಲ ಬಳಿಯಿದ್ದ ಕ್ಯಾನ್ ತಟ್ಟಿದರು. “ಇದೂ ಕಡಲಪಾಚೀದೇ ಗೊಬ್ಬರ ರೀ. ಅಡಿಕೆಗೆ ಹೊಡಿಯಾಕೆ ತಗಂಡೀನಿ. ಇವಳಿಗೂ ಒಂದು ಮುಚ್ಚಳ ಕೊಟ್ರೆ ಹೆಂಗೆ?”

ನಾನು ಗಾಬರಿಯಿಂದ ಬೇಡವೆನ್ನುವಷ್ಟರಲ್ಲಿ ಆಕೆಯೇ, “ನಾನೇನು ಅಡಿಕೆ ಗಿಡ ಏನ್ರೀ? ನನಗೆ ಗುಳಿಗೆ ಐತೆ” ಎಂದು ಕ್ಯಾನನ್ನು ದೂರ ಸರಿಸಿದರು. ಆಮೇಲೆ ನನ್ನತ್ತ ತಿರುಗಿದರು.

“ಅದಿರ್ಲಿ, ನಿಮ್ಮಜ್ಜಿ ಊತ ಇಳೀತೇನ್ರೀ?”

ಅಜ್ಜಿ ಕೊನೆಯವರೆಗೂ ಕತ್ತು ಕಾಣದಂತೆ ಸೆರಗು ಸುತ್ತಿಕೊಂಡೇ ಓಡಾಡಿದ್ದು ಆಗ ನೆನಪಾಯಿತು.