ಬೂಟು ಕಳಚಿಟ್ಟ ಸಿಪಾಯಿ

ನಮ್ಮ ಮನೆಯಲ್ಲಿ ಒಬ್ಬ ಸತ್ತವನಿಗೆ ಮದುವೆ ನಿಶ್ಚಯವಾಗಿತ್ತು. ನಗುವವರು ನಗಲಿ. ಮದುವೆಯಾಗದೆ ತೀರಿಹೋದವನಿಗೆ ಹಾಗೆಯೇ ತೀರಿಹೋದ ಒಬ್ಬ ಹುಡುಗಿಯನ್ನು ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಎರಡು ಕುರ್ಚಿಗಳ ಮೇಲೆ ಪಂಚೆ, ಸೀರೆ ಇಟ್ಟು ಮದುವೆ ಮಾಡಿಸುವ ಪದ್ಧತಿ ನಮ್ಮ ತುಳುವರಲ್ಲಿದೆ. ಕುಲೆ ಮದಿಮೆ ಎನ್ನುತ್ತೇವೆ, ಪ್ರೇತಗಳ ಮದುವೆ. ನಾನೂ ನಗುತ್ತಿದ್ದವಳೇ. ಮಗಳಿಗೆ ಎರಡು ಸಲ ಗರ್ಭ ನಿಲ್ಲದೆ ಹೋದ ಮೇಲೆ ನಗು ಬಿಟ್ಟೆ.

ಮೂರನೆಯ ಸಲ ಬಸುರಿಯಾಗಿ ಅವಳು ದೇರೆಬೈಲಿನ ನಮ್ಮ ಮನೆಗೆ ಬಂದು ಮಲಗಿದಳು. ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದರು, ನನ್ನ ಅಮ್ಮ ಪ್ರಶ್ನೆ ಇಡಿಸೋಣ ಎಂದಳು. ನಾನು ಇಬ್ಬರಿಗೂ ಹೂಂ ಎಂದೆ. ಜೋಯಿಸರು ಕವಡೆ ಸರಿಸಿ, ತಾಯಿಯ ಕಡೆಯ ಒಬ್ಬ ಗಂಡಸು ದೂರದಲ್ಲಿ ತೀರಿದ್ದಾನೆ, ಅತೃಪ್ತನಾಗಿ ಹುಟ್ಟುವ ಮಕ್ಕಳಿಗೆ ಅಡ್ಡ ನಿಂತಿದ್ದಾನೆ ಎಂದರು. ಯಾರೆಂದು ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಅಮ್ಮನ ಸೋದರಮಾವ, ಅಂದರೆ ನನ್ನ ಅಜ್ಜಿಯ ತಮ್ಮ, ಬ್ರಿಟಿಷರ ಪಟಾಲಮ್ಮಿಗೆ ಸೇರಿ ಬರ್ಮಾದ ಯುದ್ಧದಲ್ಲಿ ಸತ್ತವನು. ತಂತಿ ಬಂದ ಮೇಲೆ ಉತ್ತರಕ್ರಿಯೆ ಮಾಡಿ ಮುಗಿಸಿದ್ದರು. ಅವನದ್ದೆಂದು ಉಳಿದದ್ದು ಒಂದು ಫೋಟೋ.

ಉಳ್ಳಾಲದ ಕಡೆ ಒಂದು ಮನೆಯಲ್ಲಿ ಹುಡುಗಿ ಸಿಕ್ಕಳು. ಅವಳು ತೀರಿಹೋಗಿಯೂ ಬಹಳ ಕಾಲವಾಗಿತ್ತು. ಆ ಮನೆಯ ಹಿರಿಯರು ವರನ ಫೋಟೋ ಕೇಳಿದರು. ಅದನ್ನು ದೊಡ್ಡದು ಮಾಡಿಸುವ ಕೆಲಸ ನನ್ನ ತಲೆಗೆ ಬಂತು.

ಹಂಪನಕಟ್ಟೆಯ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಕಲೆಗಳನ್ನೆಲ್ಲ ಒರೆಸಿ, "ಅಕ್ಕ, ಕಾಲಿಗೆ ಬೂಟು ಹಾಕಿ ಕೊಡ್ಲಾ? ಇದರಲ್ಲಿ ಆಗ್ತದೆ" ಎಂದು ಕೇಳಿದ.

ಆಗಲೇ ನಾನು ಸರಿಯಾಗಿ ನೋಡಿದ್ದು. ತಲೆಗೆ ಟೊಪ್ಪಿ, ಇಸ್ತ್ರಿ ಹಾಕಿದ ಅಂಗಿ, ಬೆಲ್ಟು, ಮೊಣಕಾಲು ಮುಟ್ಟುವ ಚಡ್ಡಿ, ಕೆಳಗೆ ಬರಿಗಾಲು. ಬಡತನ ಎನ್ನೋಣವೆಂದರೆ ಬೂಟುಗಳನ್ನು ಪಕ್ಕದಲ್ಲೇ ಜೋಡಿಸಿಟ್ಟಿದ್ದ. ಯಾವ ಸಿಪಾಯಿ ಬೂಟು ಕಳಚಿಟ್ಟು ಫೋಟೋ ತೆಗೆಸಿಕೊಳ್ಳುತ್ತಾನೆ? ಅರೆಮರುಳನೇ ಇರಬೇಕು ಎಂದು ಮನಸ್ಸಿನಲ್ಲೇ ಬೈದು, ಇದ್ದ ಹಾಗೆ ಇರಲಿ ಎಂದೆ.

ರಸ್ತೆ ಅಗೆದಿದ್ದರಿಂದ ಆಟೋದವನು ನಂತೂರಿನ ಮೇಲೆ ಸುತ್ತಿ ಹೊರಟು ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡ. ಕಾಯುತ್ತ ಫೋಟೋ ಬಿಚ್ಚಿ ನೋಡಿದೆ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದೇ ಮಗಳನ್ನು ಬೆಳೆಸಿದವಳು ನಾನು. ಮುಖಕ್ಕಿಂತ ಮೊದಲು ನನ್ನ ಕಣ್ಣು ಗುಂಡಿ, ಕಾಲರುಗಳಿಗೆ ಹೋಗುತ್ತದೆ. ಗುಂಡಿಗಳು ಮಸುಕಾಗಿದ್ದವು. ಆದರೆ ಚಿಕ್ಕ ಫೋಟೋದಲ್ಲಿ ಬರೀ ಚುಕ್ಕೆಯಾಗಿದ್ದ ಟೊಪ್ಪಿಯ ಬಿಲ್ಲೆ ಈಗ ಸ್ಪಷ್ಟವಾಗಿತ್ತು. ಅದರ ತುದಿಯಲ್ಲಿ ನಮ್ಮ ನೋಟುಗಳ ಮೇಲಿರುವ ಸಿಂಹಗಳಿದ್ದವು.

ಬ್ರಿಟಿಷರ ಸಿಪಾಯಿಯಾದರೆ ಅಲ್ಲಿ ಕಿರೀಟ ಇರಬೇಕಿತ್ತು. ಸಿಂಹಗಳು ಬಂದದ್ದು ಅವರು ಹೋಗಿ ದೇಶ ಗಣರಾಜ್ಯವಾದ ಮೇಲೆ. ಬರ್ಮಾದಲ್ಲಿ ಸತ್ತವನು ಅಷ್ಟು ವರ್ಷಗಳ ನಂತರ ಈ ಟೊಪ್ಪಿ ಹಾಕಿಕೊಂಡು ಹೇಗೆ ನಿಂತ? ಸೆಕೆಗೆ ಬೆವರುತ್ತಿದ್ದ ನನಗೆ ಮೈ ಜುಂ ಎಂದಿತು. ಬೇರೆ ಯಾರದ್ದೋ ಫೋಟೋ ಇರಬೇಕೆಂದು ಸಮಾಧಾನ ಮಾಡಿಕೊಂಡೆ. ಯಾರದ್ದೋ ಫೋಟೋಕ್ಕೆ ಮದುವೆ ಮಾಡಿಸಲು ಹೊರಟಿದ್ದೆವಲ್ಲ ಎಂದು ಅದಕ್ಕೂ ಹೆದರಿದೆ.

ಮನೆಯ ಹಿಂದಿನ ಜಗಲಿಯಲ್ಲಿ ಅಮ್ಮ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಎಂಬತ್ತು ದಾಟಿದರೂ ಕೈ ಸುಮ್ಮನಿರುವುದಿಲ್ಲ.

"ಅಮ್ಮ, ಇದು ನಿನ್ನ ಮಾವ ಅಲ್ಲ," ಎಂದು ಸಿಂಹಗಳನ್ನು ತೋರಿಸಿದೆ. "ಅವರು ಸತ್ತು ಎಷ್ಟೋ ವರ್ಷ ಆದ ಮೇಲೆ ತೆಗೆದದ್ದು."

ಅಮ್ಮ ತಲೆ ಎತ್ತಲಿಲ್ಲ. "ಅವನೇ," ಎಂದಳು. "ಬಂದಿದ್ದ."

"ಎಲ್ಲಿಗೆ?"

"ಮನೆಗೆ. ನಾನು ಆಗ ಸಣ್ಣವಳು. ಅಂಗಳದಲ್ಲಿ ನಿಂತು ಅಕ್ಕಾ ಅಂತ ಕರೆದ. ನನ್ನಮ್ಮ ಇಣುಕಿ ನೋಡಿ ಬಾಗಿಲು ಹಾಕಿದಳು."

ತಂತಿ ತಪ್ಪಾಗಿತ್ತು. ಅವನು ಕಾಗದ ಬರೆದಿದ್ದನಂತೆ. ಅಷ್ಟರಲ್ಲಿ ಇವರು ಮನೆ ಬದಲಿಸಿದ್ದರು. ಕೊನೆಗೆ ಕೇಳಿಕೊಂಡು, ಹುಡುಕಿಕೊಂಡು ಬಂದ. ಆದರೆ ಉತ್ತರಕ್ರಿಯೆಯ ದಿನ ಬಾಗಿಲು ಮುಚ್ಚಿ, ಹೆಸರು ಹಿಡಿದು ಕೂಗಿ, ಸತ್ತವನನ್ನು ಒಳಗೆ ಕರೆದು ಹಿರಿಯರ ಜೊತೆ ಸೇರಿಸುವ ಕ್ರಮ ನಮ್ಮದು. ಅಜ್ಜಿ ಅದನ್ನು ಮಾಡಿಯಾಗಿತ್ತು. ಹಾಗೆ ಒಳಗೆ ಕರೆಸಿಕೊಂಡವನು ಹೊರಗೆ ಅಂಗಳದಲ್ಲಿ ನಿಂತಿದ್ದ. ಅದೇ ದಿನ ಅಮ್ಮನ ತಮ್ಮ, ತೊಟ್ಟಿಲ ಮಗು, ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದ.

"ಮಗುವನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದ ಅಂತ ನನ್ನಮ್ಮನಿಗೆ ಹೆದರಿಕೆ," ಎಂದಳು ಅಮ್ಮ. "ಅವನು ಹೊರಗಿಂದ, ನಾನು ಸತ್ತಿಲ್ಲ ಅಕ್ಕ, ನನ್ನ ಕಾಲು ನೋಡು ಅಂತ ಹೇಳ್ತಾ ಇದ್ದ. ಕುಲೆಗೆ ಪಾದ ಹಿಂದಕ್ಕೆ ತಿರುಗಿ ಇರ್ತದಲ್ಲ. ಅಮ್ಮ ನೋಡ್ಲಿಲ್ಲ. ಎರಡು ದಿನ ಬಿಟ್ಟು ಜಗಲಿಯಲ್ಲಿ ಈ ಫೋಟೋ ಇತ್ತು."

ನಾನು ಫೋಟೋ ನೋಡಿದೆ. ಹೆಬ್ಬೆರಳುಗಳು ನೇರ ನನ್ನ ಕಡೆಗಿದ್ದವು. ಅದುವರೆಗೆ ಸತ್ತವನೊಬ್ಬನಿಗೆ ಹೆದರುತ್ತಿದ್ದೆ. ಈಗ ಬದುಕಿದ್ದವನಿಗೆ ಹೆದರಿದೆ, ಆ ಹೆದರಿಕೆ ಹೆಚ್ಚು ಕೆಟ್ಟದ್ದಾಗಿತ್ತು.

"ಮತ್ತೆ ಯಾರೂ ಹುಡುಕ್ಲಿಲ್ಲವಾ?"

"ತಮ್ಮನ ಜ್ವರ ಮರುದಿನವೇ ಬಿಟ್ಟಿತು," ಎಂದಳು ಅಮ್ಮ, ನಾನು ಕೇಳಿದ್ದಕ್ಕೆ ಅದೇ ಉತ್ತರ ಎನ್ನುವಂತೆ. "ಬಾಗಿಲು ತೆಗೆಯದ್ದಕ್ಕೆ ಮಗು ಉಳೀತು ಅಂತ ಅಮ್ಮ ಸಾಯುವವರೆಗೂ ಹೇಳ್ತಿದ್ದಳು." ಮತ್ತೆ ನನ್ನ ಮಗಳ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಈಗ ನೀನು ಎಂತ ಮಾಡ್ಲಿಕ್ಕೂ ಹೋಗ್ಬೇಡ. ಮದುವೆ ಆಗಿ ಹೋಗ್ಲಿ. ಮಗು ಹುಟ್ಟಲಿ."

ಅಜ್ಜಿಯನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಮಡಿಲಲ್ಲಿ ಜ್ವರದ ಮಗು ಇದ್ದಿದ್ದರೆ ನಾನೂ ಚಿಲಕ ಹಾಕುತ್ತಿದ್ದೆ. ಆದರೆ ಬದುಕಿದ್ದಾಗ ಹೊರಗೆ ನಿಲ್ಲಿಸಿದವನನ್ನು ಈಗ ಕುಲೆಯೆಂದು ಕುರ್ಚಿಯಲ್ಲಿ ಕೂರಿಸುವುದು ಹೇಗೆ? ಅವನಿಗೆ ಎಲ್ಲೋ ಹೆಂಡತಿ, ಮಕ್ಕಳು ಇದ್ದಿದ್ದರೆ? ಧೈರ್ಯದಿಂದ ಅಲ್ಲ, ಹೆದರಿಕೆಯಿಂದಲೇ ನಾನು ಉಳ್ಳಾಲಕ್ಕೆ ಫೋನು ಮಾಡಿ, ಈ ಮದುವೆ ಬೇಡ ಎಂದೆ. ಕಾರಣವನ್ನೂ ಹೇಳಿದೆ.

ಆ ಮನೆಯ ಹಿರಿಯರು ಸಿಟ್ಟಾಗಲಿಲ್ಲ. "ಹಾಗಾದ್ರೆ ಅವರು ತೀರಿದ್ದು ಯಾವಾಗ?" ಎಂದು ಕೇಳಿದರು.

"ಗೊತ್ತಿಲ್ಲ."

"ಎಲ್ಲಿ ಅಂತಲಾದ್ರೂ?"

"ಅದೂ ಗೊತ್ತಿಲ್ಲ."

ಅವರು, "ಆಯ್ತಮ್ಮ, ನಮ್ಮ ಹುಡುಗಿಗೆ ಬೇರೆ ನೋಡ್ತೇವೆ" ಎಂದು ಫೋನಿಟ್ಟರು.

ಅಂದಿನಿಂದ ಅಮ್ಮ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಮಗಳಿಗೆ ಹುಡುಗಿಯ ಕಡೆಯವರು ಒಪ್ಪಲಿಲ್ಲವೆಂದು ಹೇಳಿದ್ದೇವೆ. ಅವಳಿಗೀಗ ಎಂಟನೆಯ ತಿಂಗಳು. ಕೋಣೆಯಿಂದ ಸಣ್ಣ ನರಳಿಕೆ ಕೇಳಿದರೂ ನಾನು ಎದ್ದು ಓಡುತ್ತೇನೆ. ಓಡುವ ಮೊದಲು ನನ್ನ ಕಣ್ಣು ಮುಂಬಾಗಿಲ ಕಡೆ ಹೋಗುತ್ತದೆ.