ಬೋಗುಣಿ ಬರಿದಾಗುವವರೆಗೆ

ದಕ್ಷಿಣ ಶಾಂತಸಾಗರದ ದ್ವೀಪಗಳಲ್ಲಿ ವಾಕ್ ಸ್ವಾತಂತ್ರ್ಯವನ್ನು ಪುಸ್ತಕದಿಂದ ಕಲಿತವರು ಹಲವರಿದ್ದಾರೆ. ಚಾಪೆಯ ಮೇಲೆ ಕಾಲು ಮಡಚಿ ಕೂತು ಕಲಿತವರೆಲ್ಲ ಪ್ರೊಫೆಸರ್ ಮೆರೆಸೇನಿ ಟೋರಾ ಅವರ ಶಿಷ್ಯರು. ಸುವಾ ನಗರದ ಹೊರವಲಯದ ನಮ್ಮ ಪುಟ್ಟ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಕಾನೂನು ಬೋಧಿಸಿ ನಿವೃತ್ತರಾಗುತ್ತಿರುವ ಈ ಹಿರಿಯರ ಗಟ್ಟಿತನಕ್ಕೆ ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥವೇ ಸಾಕ್ಷಿ.

ಅವರು ಸೇವೆಗೆ ಸೇರಿದ ಕಾಲದಲ್ಲಿ ಹೊರಗಿನ ಭಾಷಣಕಾರರು ತೋಚಿದ್ದನ್ನು ಹೇಳಿ ವಿಮಾನ ಹತ್ತುತ್ತಿದ್ದರು, ಇಲ್ಲವೇ ಹುಡುಗರ ಕೂಗಾಟಕ್ಕೆ ಬೆದರಿ ಓಡುತ್ತಿದ್ದರು. ಮೆರೆಸೇನಿಯವರು ತಮ್ಮ ಹಳ್ಳಿಯ ರೀತಿಯನ್ನೇ ಸಭಾಂಗಣಕ್ಕೆ ತಂದರು. ಅತಿಥಿ, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಕಾವಾ ಬೇರಿನ ಕಟ್ಟನ್ನು ಮುಂದಿಡಬೇಕು, ಆತಿಥೇಯರು ಕೈ ತಟ್ಟಿ ಸ್ವೀಕರಿಸಬೇಕು. ಆಮೇಲೆ ಅವನ ಮಾತಿಗೆ ಯಾರೂ ಅಡ್ಡ ಬರಬಾರದು, ಅವನೂ ಎಲ್ಲರೂ ಹಂಚಿ ಕುಡಿಯುವ ಕಾವಾ ಬೋಗುಣಿ ಬರಿದಾಗುವವರೆಗೆ ಏಳಬಾರದು.

“ಮಾತಾಡಿ ಓಡೋಗೋರು ನಂಗೆ ಬೇಡಪ್ಪ, ಕೂತು ಬೈಸ್ಕೊಳ್ಳೋರು ಬೇಕು,” ಎನ್ನುತ್ತಿದ್ದರು.

ಚಂಡಮಾರುತದ ದಿನಗಳಲ್ಲಿ ದೂರದ ದ್ವೀಪಗಳ ವಿದ್ಯಾರ್ಥಿಗಳಿಗೆ ಅವರ ಮನೆಯೇ ಹಾಸ್ಟೆಲು, ಬೇಯಿಸಿದ ಮರಗೆಣಸು, ಡಬ್ಬಿ ಮೀನು ಊಟ. ಕಿರಿಬಾಸ್ ಎಂಬ ತಗ್ಗು ದ್ವೀಪದೇಶದ ತಬೇರಾ ಅಲ್ಲಿ ಮಗಳಂತೆಯೇ ಬೆಳೆದಳು.

ಆಸ್ಟ್ರೇಲಿಯಾದ ಡಾ. ಪಾಸ್ಕೊ ಬರುತ್ತಾರೆಂದಾಗ ಕ್ಯಾಂಪಸ್ಸು ಹೊತ್ತಿಕೊಂಡಿತು. ಏರುವ ಕಡಲಿಗೆ ಮುಳುಗುತ್ತಿರುವ ತಗ್ಗು ದ್ವೀಪಗಳಿಗೆ ತಡೆಗೋಡೆ ದಂಡ, ಜನರನ್ನು ಎತ್ತಂಗಡಿ ಮಾಡುವುದೇ ಮೇಲು ಎಂಬುದು ಅವರ ವಾದ. ತಬೇರಾ ಕೆಂಡವಾಗಿ ಬಂದಳು.

“ಮೇಡಂ, ನಮ್ಮಪ್ಪ ಅಲ್ಲಿ ಕಲ್ಲು ಹೊತ್ತು ಗೋಡೆ ಕಟ್ತಿದಾರೆ. ಊರು ಬಿಟ್ಟು ತೊಲಗಿ ಅನ್ನೋನಿಗೆ ನೀವು ಚಾಪೆ ಹಾಸ್ತೀರಾ?”

“ಹಾಸ್ತೀನಿ ಮಗಳೇ.”

“ನಾನಂತೂ ಕೈ ತಟ್ಟಲ್ಲ.”

“ತಟ್ಬೇಡ. ಆದ್ರೆ ಬಾ.”

ಆಗ ಡೀನ್ ಆಗಿದ್ದ ಮೆರೆಸೇನಿಯವರಿಗೆ ಕುಲಪತಿಗಳು, ಸಭೆ ರದ್ದು ಮಾಡಿ, ಇಲ್ಲವೇ ಹುದ್ದೆ ಬಿಡಿ ಎಂದರು. ಅವರು ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ಕುರ್ಚಿ ನೀವೇ ಇಟ್ಕೊಳ್ಳಿ ಸಾರ್, ನಂಗೆ ಚಾಪೆ ಸಾಕು,” ಎಂದು ನಕ್ಕು ಬಂದರು. ಹುದ್ದೆ ಹೋಯಿತು, ಸಭೆ ನಡೆಯಿತು.

ಅಂದು ಮೊದಲು ಕೈ ತಟ್ಟಿದವರು ಅವರೇ. ಅವರ ಹುಟ್ಟೂರು ಕಡಲಿಗೆ ಹೆದರಿ ಗುಡ್ಡ ಹತ್ತಿತ್ತು, ತಾಯಿಯ ಸಮಾಧಿ ಕೆಳಗೆ ದಡದಲ್ಲೇ ಉಳಿದಿತ್ತು. ಪಾಸ್ಕೊ ಅವರ ಒಂದೊಂದು ಮಾತೂ ಅವರಿಗೆ ಚುಚ್ಚಿತ್ತು. ಆದರೂ ಒಬ್ಬ ಹುಡುಗ ಕೂಗಲೆದ್ದಾಗ ಭುಜ ಹಿಡಿದು ಕೂರಿಸಿದರು. ಭಾಷಣ ಮುಗಿದ ಮೇಲೆ ಬಾಗಿಲ ಬಳಿ ನಿಂತೇ ಇದ್ದ ತಬೇರಾ ಕೇಳಿದಳು:

“ಸರಿ, ಹೋಗ್ತೀವಿ ಅಂತಿಟ್ಕೊಳ್ಳಿ. ನಮ್ಮಜ್ಜಿ ಸಮಾಧಿನ ಯಾವ ಚೀಲದಲ್ಲಿ ತುಂಬ್ಕೊಂಡು ಹೋಗ್ಲಿ? ಹೇಳಿ.”

ಪಾಸ್ಕೊ ಬೋಗುಣಿಯ ಕಡೆ ನೋಡಿದರು. ಅದಿನ್ನೂ ಅರ್ಧ ತುಂಬಿತ್ತು. ಏಳುವಂತಿರಲಿಲ್ಲ. ತಬೇರಾ ಕಡೆ ತಿರುಗಿ, “ಅದನ್ನ ನಾನು ಯೋಚ್ನೆ ಮಾಡಿಲ್ಲಮ್ಮ,” ಎಂದರು. ಅವರ ಅಭಿಪ್ರಾಯವೇನೂ ಬದಲಾಗಲಿಲ್ಲ. ಆದರೆ ಆ ಪ್ರಶ್ನೆ ಅಂದಿನಿಂದ ದ್ವೀಪದಿಂದ ದ್ವೀಪಕ್ಕೆ ಹರಡಿತು. ತಬೇರಾ ಮಾತ್ರ ಗುರುಗಳ ಮನೆಯ ಮೆಟ್ಟಿಲು ಮತ್ತೆ ತುಳಿಯಲಿಲ್ಲ. ಮೆರೆಸೇನಿಯವರು ಕಳಕೊಂಡದ್ದರಲ್ಲಿ ಡೀನ್ ಹುದ್ದೆ ಏನೇನೂ ಅಲ್ಲ. ಆ ಹುಡುಗಿಯ ಹೆಸರು ಬಂದಾಗಲೆಲ್ಲ ಅವರ ಮುಖ ಬಾಡುವುದನ್ನು ಕಂಡವರಿಗೆ ಇದು ಗೊತ್ತು.

ಈ ಗ್ರಂಥ ತರುತ್ತೇವೆಂದು ಸಂಪಾದಕರು ಕೇಳಿಕೊಂಡಾಗ ಅವರು ಒಂದೇ ಷರತ್ತು ಹಾಕಿದರು. “ಬರೀ ಹೊಗಳಿಕೆ ಇಟ್ಕೊಂಡು ಏನ್ ಮಾಡ್ಲಿ? ನಾನು ತಪ್ಪು ಅನ್ನೋರು ಮೊದ್ಲು ಬರೀಲಿ. ತಬೇರಾನ ಕೇಳಿ.”

ಕೇಳಿದೆವು. ಈಗ ತಮ್ಮ ನಾಡಿನ ತರಾವದಲ್ಲಿ ವಕೀಲರಾಗಿರುವ ತಬೇರಾ ಬರೆದುಕೊಟ್ಟರು. ಈ ಗ್ರಂಥದ ಮೊದಲ ಲೇಖನ ಅವರದೇ. ಅದರಲ್ಲಿ ಗುರುಗಳನ್ನು ಎಳ್ಳಷ್ಟೂ ಬಿಟ್ಟಿಲ್ಲ. ಕರಡು ಓದಿದ ಮೆರೆಸೇನಿಯವರು ಕಣ್ಣೊರೆಸಿಕೊಂಡು, “ಎಷ್ಟು ಚೆನ್ನಾಗಿ ಬೈದಿದಾಳೆ ನೋಡಿ! ಒಂದಕ್ಷರ ತೆಗೀಬೇಡಿ. ಇದಕ್ಕೆ ಉತ್ತರ ನನ್ನ ಹತ್ರ ಇದೆ, ಮನೆಗೆ ಬಂದು ಕೂತ್ಕೊಂಡು ಕೇಳ್ಬೇಕಂತೆ ಅಂತ ಹೇಳಿ,” ಎಂದರು.

ಗುರುಗಳಿಗೆ ಆಯುರಾರೋಗ್ಯ ತುಂಬಿರಲಿ, ಆ ಉತ್ತರ ದೀರ್ಘವಾಗಿರಲಿ. ತಬೇರಾ ಅವರು ಬರುವ ವಾರಕ್ಕೆ ಸುವಾ ಟಿಕೆಟ್ ತೆಗೆದಿದ್ದಾರೆ. ದೊಡ್ಡ ಬೋಗುಣಿಯನ್ನೇ ತೊಳೆದಿಡಲಾಗಿದೆ.